ಹೋಲ್ಡಾನ್

ಫಾರ್ಮಿನ್ಯಾಗ ಮನಿ ನಂಬರ್ ಬರೀಬೇಕಿತ್ತು.
ಕಸ್ತೂರಿಬಾಯಿ ಹೇಳಿದ್ರು: ಕೆಎ ಮೂವತ್ತೆರಡು, ಎಫ್,
ಮುಂದಿಂದು ಅಳಸ್ಯದ, ಹೋಗಿ ನೋಡ್ಕೊಂಡು ಬಾ.
ಓಣಿ? ಇವತ್ತು ಹುಮನಾಬಾದ್ ಬೇಸಿನ ಬಾಜೂಕ.
ಗುರ್ತು? ಬೇವಿನ ಗಿಡ.
ನಾಳಿಗಿ?
ನಾಳಿಗಿಂದು ಇವರಿಗಿ ಕೇಳಪ್ಪ.
ಇವರು ಅಂದ್ರ ಅಣವೀರಪ್ಪ,
ಸ್ಟೇರಿಂಗ್ ಮ್ಯಾಲ ಪೇಪರ್ ಹರವಿ
ಸುಸಲಾ ತಿನ್ನಲತ್ತಿದ್ರು.

ಹರಾಜಿನ್ಯಾಗ ಹಿಡದ ಬಸ್ಸು.
ಅವರು ಡ್ರೈವರ್, ಬಾಯಾರು ಕಂಡಕ್ಟರ್,
ಹದಿನೆಂಟು ವರ್ಷ ಇದೇ ಗಾಡಿ, ಸೇಡಂ ರೂಟು.
ಸೀಟು ಕಿತ್ತು ಪಲ್ಲಂಗ ಹಾಕ್ಯಾರ.
ಪಲ್ಲಂಗದ ತಲಿಮ್ಯಾಲ ‘ಮಹಿಳೆಯರಿಗೆ’ ಅಂತ ಬರದದ್ದು
ಇನ್ನಾ ಹಂಗೇ ಅದ.
ಅದಕ್ಕ ನಾ ಕೆಳಗ ಮಕ್ಕೋತೀನಿ, ಅಂದ್ರು ಅಣವೀರಪ್ಪ.
ಒಲಿ ಮುಂದ ಒಂದೇ ಒಂದು ಶಾಬಾದಿ ಫರಸಿ.
ಅದು ಕಾಲಿಗಿ ತಣ್ಣಗ ತಾಕದಿದ್ರ
ಬಾಯಾರಿಗಿ ರೊಟ್ಟಿ ಬಡೀಲಾಕ ಕೈ ಬರಂಗಿಲ್ಲಂತ.

ನಾ ಛತ್ರಿ ಹಚ್ಚಾಂವ, ರೋಜಾದ ಮಶಾಕ.
ಎಷ್ಟು ಮಾಳಗಿ ಹತ್ತಿ ಇಳದೀನಿ,
ಒಂದು ಮಾಳಗಿನೂ ನನಗ ಕೇಳಿಲ್ಲ
ನಾಳಿಗಿ ನಾ ಬೀದರಕ್ಕ ಹೋದ್ರ ಹ್ಯಾಂಗ ಅಂತ.

ಮೊದಲ ಜಗಳ ಗಿಡದ್ದು.
ಮಂದಿಗಿ ನೆರಳು ಬೇಕು, ಛತ್ರಿಗಿ ಬಯಲು ಬೇಕು.
ನಲವತ್ಮೂರು ಡಿಗ್ರಿ ಬಿಸಲಾಗ
ಗಾಡಿ ಹೊರಗ ತಗೀರಿ ಅಂದ್ರ
ಇಬ್ಬರೂ ನನ್ನ ನೋಡಿದ್ರು,
ಮನಿ ಮಾಲಕ ಖಾಲಿ ಮಾಡ್ರಿ ಅಂದಂಗ.
ಕಡಿಗಿ ಹಿಂದಿನ ಗಾಲಿ ಬೇವಿಗಿ,
ಮುಂದಿನ ಗಾಲಿ ಸೂರ್ಯಗ.

ಟಾಪಿನ ತಗಡು ರೊಟ್ಟಿ ಹಂಚಿನಂಗ ಕಾದಿತ್ತು.
ಗೋಣಿಚೀಲ ಹಾಸಿ ಮೊಣಕಾಲೂರಿ
ದಕ್ಷಿಣಕ್ಕ ತಿರುವಿದೆ, ಜರಾ ಮೂಡಲಕ್ಕ.
ಇಲ್ಲಿ ಒಂದು ಕೂದಲೆಳಿ ಸರದ್ರ
ಮ್ಯಾಲ ಆಕಾಶೇ ಬ್ಯಾರೆ ಆಗ್ತದ.
ಬಂತೇನ್ರಿ?
ಬ್ಯಾಟರಿ ಇಳೀಬಾರ್ದಂತ ಇಂಜಿನ್ ಚಾಲೂ ಇಟ್ಟಿದ್ರು,
ನನ್ನ ದನಿ ಒಳಗ ಮುಟ್ಟವಲ್ದು, ಆಕಿದು ಮ್ಯಾಲ ಬರವಲ್ದು.
ಆಗ ಬಾಯಾರು ಮಾತು ಬಿಟ್ಟು ಹಗ್ಗ ಹಿಡದ್ರು,
ಡ್ರೈವರ್ ತಲಿತನಕ ಹೋದ ಆ ಹಳೇ ಹಗ್ಗ.

ಟಣ್.
ನಿಂತೆ. ಉಸುರು ಸುದ್ದಾ ನಿಂತಿತ್ತು.
ಯಾರೋ ಟಿವಿಯಾಗ ಕೊತ್ತಂಬರಿ ಹೆಚ್ಚಲತ್ತಿದ್ರಂತ,
ಎಲಿ ಎಲಿ ಕಾಣ್ತಿತ್ತಂತ.
ನಾ ನಟ್ಟು ಬಿಗೀಲತ್ತಿದ್ದೆ,
ಆಕಿ ಕೈ ಖುಷಿಗಿ ತಾನೇ ಎಳೀತು:
ಟಣ್ ಟಣ್.

ಅಣವೀರಪ್ಪರ ಕೈಯಾನ ಸುಸಲಾ ಕೆಳಗ ಬಿತ್ತು.
ಕ್ಲಚ್ಚು, ಗೇರು.
ತಲಿಗಿ ಕೇಳಲಿಲ್ಲ, ಕಾಲು ಮಾಡ್ತು.
ಎರಡು ಮಾರು ಮುಂದ ಹೋತು ಗಾಡಿ,
ನಾನು, ಛತ್ರಿ, ಹದಿನಾಲ್ಕರ ಪಾನಾ,
ಟಿಕೆಟ್ ಇಲ್ಲದ ಮೂರು ಪ್ಯಾಸೆಂಜರ್.
ಹೋಲ್ಡಾನ್!
ಒಳಗಿಂದ ಬಂದ ಆ ದನಿಗಿ
ರೋಡಿನ ಆಟೋಗಳೂ ಬ್ರೇಕ್ ಹಾಕಿದ್ವು.

ಸರಳ ಹೋಗಿದ್ರ ಚಿತ್ರ ಉಳೀತಿತ್ತು,
ಸ್ಟೇರಿಂಗ್ ಜರಾ ಹೊಳ್ಳಿತ್ತು. ಕೊತ್ತಂಬರಿ ಹೋತು.
ನಾ ಇಳದು ಚಹಾ ಕುಡೀವಾಗ ಬಾಯಾರು ಕೇಳಿದ್ರು:
ಆ ಮ್ಯಾಲಿಂದು ಒಂದೇ ಕಡಿ ನಿಂತಿರ್ತದೇನು?
ನಿಂತಿಲ್ರಿ. ಭೂಮಿ ತಿರಗಿದಂಗ ಜೋಡೀಲೆ ಓಡ್ತದ,
ಅದಕ್ಕ ನಮಗ ನಿಂತಂಗ ಕಾಣ್ತದ.
ಆಕಿ ಬಸಿ ಕೆಳಗಿಟ್ಟು ಗಂಡನ ಕಡಿ ನೋಡಿದ್ರು.
ಡ್ಯೂಟಿ ಮ್ಯಾಲ ಅದ ಅನ್ನು.

ಈಗ ಟಾಪಿನ ಮ್ಯಾಲ ಕೆಂಪು ಬಣ್ಣದ ಗೀಟು ಹೊಡದು ಕೊಟ್ಟೀನಿ.
ಗಾಡಿ ಮೂತಿ ಎತ್ಲಾಗಿದ್ರ ಛತ್ರಿ ಎತ್ಲಾಗ,
ಎಲ್ಲಾ ಬರದದ. ಆದ್ರೂ ಫೋನ್ ಬರ್ತಾವ.
ಸುರಪುರದಿಂದ: ಮಶಾಕ, ಇಲ್ಲಿ ಗುಡ್ಡ ಅಡ್ಡ ಅದ,
ಗುಡ್ಡಕ್ಕ ಸರಿ ಅನ್ನಲೋ, ಇವರಿಗೋ?
ಬಸವಕಲ್ಯಾಣದಿಂದ: ಮೋಡ ಆಗ್ಯದ, ಎಷ್ಟೊತ್ತು ಕಾಯಲಿ?
ಆಫೀಸಿನವರು ಫಾರ್ಮ್ ಹೊಳ್ಳಿ ಕಳಿಸ್ಯಾರ, ವಿಳಾಸ ಇಲ್ಲಂತ.
ಇಟ್ಟೀನಿ ಗಲ್ಲಾದಾಗ.

ಫೋನ್ ಕಿವಿಗಿ ಹಿಡದು ಕೂತಿರ್ತೀನಿ,
ಒಮ್ಮೆ ಟಣ್ ಅಂದ್ರ ಚಿತ್ರ ಬಂತು ಅಂತ.
ಎರಡು ಸಲ ಅಂದ್ರ,
ಸೂಪರ್ ಮಾರ್ಕೆಟಿನ ನನ್ನ ಅಂಗಡ್ಯಾಗ ಕೂತಲ್ಲೇ
ಕುರ್ಚಿ ಗಟ್ಟಿ ಹಿಡಕೋತೀನಿ.